ಕಾಗದದ ಗೋಡೆ, ಊರೆಲ್ಲರ ಬಿಸಿನೀರು

ಮನೆಗೆ ಗೋಡೆ ಏತಕ್ಕೆ ಎಂದು ಕೇಳಿದರೆ ಕೆಲವರು ಕಳ್ಳಕಾಕರ ಹೆಸರು ಹೇಳಿಯಾರು, ಕೆಲವರು ಮಳೆಗಾಳಿಯ ಹೆಸರು. ಒಳಗಿನ ಮಾತು ಹೊರಗೆ ಹೋಗದಿರಲಿ, ಹೊರಗಿನ ಕಣ್ಣು ಒಳಗೆ ಬಾರದಿರಲಿ ಎಂಬುದೇ ಮುಖ್ಯ ಕಾರಣವೆಂದು ಒಪ್ಪಿಕೊಳ್ಳುವವರು ವಿರಳ. ಜಪಾನಿನ ಹಳೆಯ ಮಾದರಿಯ ಮನೆಯೊಂದರಲ್ಲಿ ನಾಲ್ಕು ದಿನ ತಂಗುವ ಅತಿಥಿಗೆ ಮೊದಲು ಹೊಳೆಯುವುದು ಈ ಸಂಗತಿಯೇ. ಏಕೆಂದರೆ ಅಲ್ಲಿ ಗೋಡೆಯೆಂಬುದು ಅತ್ಯಲ್ಪ. ಕಂಬಗಳುಂಟು, ತೊಲೆಗಳುಂಟು, ಮೇಲೆ ಭಾರವಾದ ಹೆಂಚಿನ ಮಾಡುಂಟು. ನಡುವೆ ಇರುವುದೆಲ್ಲ ಅತ್ತಿತ್ತ ಸರಿಯುವ ಮರದ ಚೌಕಟ್ಟು ಮತ್ತು ಅದಕ್ಕೆ ಅಂಟಿಸಿದ ಕಾಗದ. ಮಗುವಿನ ಬೆರಳು ತಾಕಿದರೆ ತೂತು ಬೀಳುವಂಥ ಈ ಕಾಗದದ ಹಿಂದೆ ನೂರಾರು ವರ್ಷಗಳಿಂದ ಜನ ಮಾನವಾಗಿ ಸಂಸಾರ ನಡೆಸಿಕೊಂಡು ಬಂದಿದ್ದಾರೆ. ಅದು ಹೇಗೆ ಸಾಧ್ಯವಾಯಿತು ಎಂಬುದಕ್ಕೆ ಉತ್ತರ ಅರ್ಧ ಆ ಮನೆಯಲ್ಲಿದೆ. ಉಳಿದರ್ಧ ಅದೇ ಬೀದಿಯ ತಿರುವಿನಲ್ಲಿರುವ ಸಾರ್ವಜನಿಕ ಸ್ನಾನಗೃಹದಲ್ಲಿದೆ.

ಕ್ಯೋತೋ ನಗರದಲ್ಲಿ ಇಂಥ ಮನೆಗೆ ‘ಮಾಚಿಯಾ’ ಎಂದು ಹೆಸರು. ಬೀದಿಗೆ ಅದರ ಮುಖ ಕಿರಿದು. ಒಳಗೆ ಹೋದಷ್ಟೂ ಉದ್ದ. ಸ್ಥಳದ ಜನ ವಿನೋದವಾಗಿ ಇದನ್ನು ‘ಹಾವುಮೀನಿನ ಹಾಸಿಗೆ’ ಎನ್ನುತ್ತಾರೆ. ಹಿಂದೆ ಬೀದಿಯ ಕಡೆಗೆ ಅಂಗಡಿ ಅಥವಾ ಕಸಬಿನ ಜಾಗ, ಒಳಭಾಗದಲ್ಲಿ ವಾಸ. ಒಂದು ಪಕ್ಕದಲ್ಲಿ ಮುಂಬಾಗಿಲಿನಿಂದ ಹಿತ್ತಿಲವರೆಗೆ ಮಣ್ಣು ನೆಲದ ಓಣಿಯೊಂದು ಮನೆಯೊಳಗೇ ಹಾದುಹೋಗುತ್ತದೆ. ಅಡಿಗೆಯ ಒಲೆ ಇರುವುದು ಅಲ್ಲಿಯೇ. ಹೊಗೆ ಮೇಲಕ್ಕೆ ಹೋಗಲೆಂದು ಆ ಓಣಿಯ ಮೇಲೆ ಅಟ್ಟವಿಲ್ಲ. ತಲೆಯೆತ್ತಿದರೆ ಕರಿಹಿಡಿದ ತೊಲೆಗಳು ಕಾಣುತ್ತವೆ. ಮನೆಯ ನಡುವೆ ಎರಡು ಚಾಪೆ ಹಾಸುವಷ್ಟು ಜಾಗದಲ್ಲಿ ಒಂದು ತೋಟ: ಒಂದು ಕಲ್ಲಿನ ದೀಪ, ನೀರು ತುಂಬಿದ ಒಂದು ಕಲ್ಲುಮರಿಗೆ, ಸ್ವಲ್ಪ ಪಾಚಿ, ಒಂದೆರಡು ಗಿಡ. ಅಕ್ಕಪಕ್ಕದ ಮನೆಗಳು ಒತ್ತಿಕೊಂಡಿರುವುದರಿಂದ ಬೆಳಕೂ ಗಾಳಿಯೂ ಬರಬೇಕಾದುದು ಈ ಬೊಗಸೆಯಷ್ಟು ಆಕಾಶದಿಂದಲೇ.

ಬಾಗಿಲು ಸರಿಸಿ ಒಳಗೆ ಕಾಲಿಟ್ಟೊಡನೆಯೇ ಅತಿಥಿಯ ಶಿಕ್ಷಣ ಪ್ರಾರಂಭವಾಗುತ್ತದೆ. ತಗ್ಗಿನ ನೆಲದಲ್ಲಿ ಪಾದರಕ್ಷೆ ಕಳಚಿ, ಮೊಣಕಾಲೆತ್ತರದ ಜಗಲಿಗೆ ಹತ್ತಬೇಕು. ಕಳಚಿದ ಪಾದರಕ್ಷೆಯ ಮುಖ ಬಾಗಿಲ ಕಡೆಗೆ ತಿರುಗಿರಬೇಕು. ಅತಿಥಿ ಮರೆತರೆ ಮನೆಯವರು ಸದ್ದಿಲ್ಲದೆ ತಿರುಗಿಸಿಡುತ್ತಾರೆ. ಹಲಗೆಯ ನೆಲದ ಮೇಲೆ ನಡೆಯಲು ಚಪ್ಪಲಿ ಕೊಡುತ್ತಾರೆ. ಚಾಪೆಯ ಕೋಣೆ ಬಂದಾಗ ಅದನ್ನೂ ಬಿಡಬೇಕು. ಶೌಚಗೃಹದ ಹೊಸ್ತಿಲಲ್ಲಿ ಬೇರೊಂದು ಜೊತೆ ಕಾದಿರುತ್ತದೆ. ಅದನ್ನು ಮೆಟ್ಟಿಕೊಂಡೇ ನಡುಮನೆಗೆ ಬಂದು ನಿಂತ ಪರದೇಶಿಗಳ ಸಂಖ್ಯೆಗೆ ಲೆಕ್ಕವಿರಲಾರದು. ಮನೆಯವರು ನಗುವುದಿಲ್ಲ. ಅವರ ದೃಷ್ಟಿ ಒಂದು ಕ್ಷಣ ಅತಿಥಿಯ ಪಾದದ ಮೇಲೆ ಬಿದ್ದು, ಕೂಡಲೇ ತೋಟದ ಕಡೆಗೆ ಹೊರಳುತ್ತದೆ. ತಪ್ಪು ಮಾಡಿದವನಿಗೆ ಅಷ್ಟೇ ಸಾಕು.

ಕೋಣೆಯಲ್ಲಿ ಹಾಸಿರುವುದು ‘ತತಾಮಿ’. ಭತ್ತದ ಹುಲ್ಲನ್ನು ಒತ್ತಿ ಮಾಡಿದ ದಪ್ಪ ಮೆತ್ತೆಯ ಮೇಲೆ ಜೊಂಡಿನ ನೇಯ್ಗೆ. ಅಂಚಿಗೆ ಬಟ್ಟೆಯ ಪಟ್ಟಿ. ಇತ್ತೀಚೆಗೆ ಒಳಗಿನ ಹುಲ್ಲಿಗೆ ಬದಲು ಬೇರೆ ಪದಾರ್ಥಗಳೂ ಬಂದಿವೆ. ಕ್ಯೋತೋದ ಅಳತೆಯಲ್ಲಿ ಒಂದು ಚಾಪೆ ಸುಮಾರು 191 ಸೆಂಟಿಮೀಟರ್ ಉದ್ದ, 95 ಸೆಂಟಿಮೀಟರ್ ಅಗಲ. ಟೋಕಿಯೋ ಕಡೆಯದು ಇದಕ್ಕಿಂತ ತುಸು ಚಿಕ್ಕದು. ಕೋಣೆಯ ವಿಸ್ತಾರವನ್ನು ಹೇಳುವುದೂ ಚಾಪೆಗಳ ಲೆಕ್ಕದಲ್ಲಿಯೇ: ನಾಲ್ಕೂವರೆ ಚಾಪೆಯ ಕೋಣೆ, ಆರು ಚಾಪೆಯ ಕೋಣೆ, ಎಂಟು ಚಾಪೆಯ ಕೋಣೆ. ನಾಲ್ಕು ಚಾಪೆಗಳ ಮೂಲೆಗಳು ಒಂದೆಡೆ ಕೂಡುವಂತೆ ಹಾಸುವುದು ಅಶುಭವೆಂದು ಮನೆಗಳಲ್ಲಿ ಹಾಗೆ ಹಾಸುವುದಿಲ್ಲ. ಹೊಸ ಚಾಪೆಗೆ ಒಣಹುಲ್ಲಿನ ಹಸುರು ವಾಸನೆ. ಮಂಚವಿಲ್ಲ, ಕುರ್ಚಿಯಿಲ್ಲ. ಒಂದು ಮೂಲೆಯ ಗೂಡಿನಲ್ಲಿ ತೂಗುಹಾಕಿದ ಒಂದು ಚಿತ್ರಪಟ, ಅದರ ಕೆಳಗೆ ಒಂದೋ ಎರಡೋ ಹೂ. ಹಗಲು ತಗ್ಗಿನ ಮೇಜಿಟ್ಟರೆ ಅದೇ ಊಟದ ಮನೆ. ಮೇಜು ಎತ್ತಿದರೆ ಅದೇ ಪಡಸಾಲೆ. ರಾತ್ರಿ ಗೋಡೆಯೊಳಗಿನ ಕಪಾಟಿನಿಂದ ಹಾಸಿಗೆ ಇಳಿಸಿದರೆ ಅದೇ ಮಲಗುವ ಮನೆ. ಒಂದೇ ಕೋಣೆ ಮೂರು ವೇಷ ಹಾಕುತ್ತದೆ.

ಮೊದಲ ರಾತ್ರಿ ಅತಿಥಿಗೆ ನಿದ್ರೆ ಬರುವುದು ತಡ. ಪಕ್ಕದ ಕೋಣೆಯಲ್ಲಿ ಅಜ್ಜಿ ಮಗ್ಗುಲು ಬದಲಾಯಿಸಿದ್ದು ಕೇಳುತ್ತದೆ; ಅಡಿಗೆಯ ಓಣಿಯಲ್ಲಿ ನೀರು ತೊಟ್ಟಿಕ್ಕುವುದು ಕೇಳುತ್ತದೆ; ಗಂಡಹೆಂಡಿರು ತಗ್ಗಿದ ದನಿಯಲ್ಲಿ ಮನೆವಾರ್ತೆ ಮಾತಾಡುವುದು ಕೇಳುತ್ತದೆ. ತನಗೆ ಅವರ ಭಾಷೆ ಬಾರದಿರುವುದೇ ಪುಣ್ಯವೆಂದು ಅವನು ಸಮಾಧಾನ ತಂದುಕೊಳ್ಳುವಷ್ಟರಲ್ಲಿ ಇನ್ನೊಂದು ಯೋಚನೆ ಸುಳಿಯುತ್ತದೆ: ಅವರನ್ನು ತಾನು ಕೇಳುತ್ತಿರುವಂತೆಯೇ ಅವರೂ ತನ್ನನ್ನು ಕೇಳುತ್ತಿದ್ದಾರಲ್ಲ! ಕೆಮ್ಮಿಗೂ ನಿಟ್ಟುಸಿರಿಗೂ ಹೊರಳಾಟಕ್ಕೂ ಈಗ ಸಾಕ್ಷಿಗಳಿದ್ದಾರೆ. ಬೆಳಗಾದ ಮೇಲೆ ಮನೆಯ ಯಜಮಾನಿತಿ ಚಹಾ ತಂದಿಟ್ಟು, ‘ರಾತ್ರಿ ಚೆನ್ನಾಗಿ ನಿದ್ರೆ ಬಂದಿತೆ?’ ಎಂದು ವಿಚಾರಿಸುತ್ತಾರೆ. ಅವನು ಹನ್ನೆರಡು ಸಲ ಹೊರಳಿದ್ದು ಅವರಿಗೆ ಗೊತ್ತು. ಗೊತ್ತೆಂಬುದು ಅವನಿಗೂ ಗೊತ್ತು. ‘ಬಹಳ ಚೆನ್ನಾಗಿ ಬಂತು’ ಎಂದು ಅವನು ಹೇಳುತ್ತಾನೆ. ಇಬ್ಬರೂ ತಲೆಬಾಗುತ್ತಾರೆ. ಕೇಳಿದ್ದನ್ನು ಕೇಳದಂತೆ, ಕಂಡದ್ದನ್ನು ಕಾಣದಂತೆ ಇರುವ ಈ ಅಭ್ಯಾಸವೇ ಆ ಮನೆಯ ನಿಜವಾದ ಗೋಡೆ. ಕಲ್ಲಿನ ಗೋಡೆಯನ್ನು ಒಮ್ಮೆ ಕಟ್ಟಿದರೆ ಸಾಕು. ಇದನ್ನು ಮಾತ್ರ ಮನೆಯ ಪ್ರತಿಯೊಬ್ಬರೂ ಪ್ರತಿದಿನವೂ ಕಟ್ಟುತ್ತಿರಬೇಕು.

ಇಂಥ ಮನೆಯನ್ನು ಕೇವಲ ಹೊಗಳಿದರೆ ಸುಳ್ಳಾದೀತು. ಮನೆಯನ್ನು ಬೇಸಗೆಯನ್ನು ನೆನೆದು ಕಟ್ಟಬೇಕೆಂಬ ಅಭಿಪ್ರಾಯವನ್ನು 14ನೆಯ ಶತಮಾನದ ಸನ್ಯಾಸಿ ಲೇಖಕ ಯೋಶಿದಾ ಕೆನ್ಕೋ ಬರೆದಿಟ್ಟಿದ್ದಾನೆ. ಕಟ್ಟಿದವರು ಅದನ್ನು ಅಕ್ಷರಶಃ ನಡೆಸಿದಂತೆ ತೋರುತ್ತದೆ. ಸುತ್ತಲೂ ಬೆಟ್ಟಗಳಿರುವ ಕ್ಯೋತೋದ ಸೆಕೆಯಲ್ಲಿ ಕಾಗದದ ಕದಗಳನ್ನು ತೆಗೆದು, ಬಿದಿರ ಚಿಕ್ಕುಗಳನ್ನು ಇಳಿಬಿಟ್ಟರೆ ತೋಟದ ಗಾಳಿ ಮನೆಯುದ್ದಕ್ಕೂ ಓಡಾಡುತ್ತದೆ. ಆದರೆ ಜನವರಿ ತಿಂಗಳಿನಲ್ಲಿ ಆ ಗಾಳಿಯನ್ನು ಬರಬೇಡವೆಂದರೆ ಅದು ಕೇಳುವುದಿಲ್ಲ. ನೆಲದಡಿಯಿಂದಲೂ ಕದದ ಸಂದಿನಿಂದಲೂ ಚಳಿ ನುಗ್ಗುತ್ತದೆ. ಮೇಜಿನ ಕೆಳಗೆ ಬೆಂಕಿಯಿಟ್ಟು, ಮೇಲೆ ರಜಾಯಿ ಹೊದಿಸಿ, ಮನೆಮಂದಿಯೆಲ್ಲ ಅದರಲ್ಲಿ ಕಾಲು ತೂರಿಸಿ ಕೂರುವುದು ಹಿಂದಿನ ಉಪಾಯ. ಈಗ ಬೆಂಕಿಯ ಜಾಗದಲ್ಲಿ ವಿದ್ಯುತ್ತಿನ ಕಾವು. ಕಾಲಿಗೆ ಬೇಸಗೆ, ಬೆನ್ನಿಗೆ ಚಳಿಗಾಲ. ಮೈಯೆಲ್ಲ ಒಟ್ಟಿಗೆ ಬೆಚ್ಚಗಾಗಬೇಕಾದರೆ ಇರುವುದು ಒಂದೇ ಮಾರ್ಗ, ಸ್ನಾನ. ಆದರೆ ಇಂಥ ಹಳೆಯ ಮನೆಗಳಲ್ಲಿ ಅನೇಕವಕ್ಕೆ ಸ್ನಾನದ ಕೋಣೆಯೇ ಇರಲಿಲ್ಲ. ಮರದ ಮನೆಗಳು ಒತ್ತಾಗಿ ನಿಂತ ಊರಿನಲ್ಲಿ ಮನೆಮನೆಗೂ ನೀರೊಲೆ ಹೂಡುವುದು ಬೆಂಕಿಯೊಡನೆ ಸರಸವಾಡಿದಂತೆ. ಸೌದೆಯ ಖರ್ಚು ಬೇರೆ. ಆದ್ದರಿಂದ ಬೀದಿಗೊಂದು ಒಲೆ, ಬೀದಿಗೆಲ್ಲ ಒಂದು ತೊಟ್ಟಿ ಎಂಬ ಏರ್ಪಾಡು ಬೆಳೆಯಿತು. ಅದೇ ‘ಸೆಂತೋ’.

ಸಂಜೆ ಅತಿಥಿಯ ಕೈಗೆ ಒಂದು ಸಣ್ಣ ಟವೆಲನ್ನೂ ಸಾಬೂನನ್ನೂ ಕೊಟ್ಟು ಬೀದಿಯ ತಿರುವಿನತ್ತ ಕೈತೋರಿಸುತ್ತಾರೆ. ಎತ್ತರದ ಹೊಗೆಕೊಳವೆಯೇ ಗುರುತು. ಬಾಗಿಲಿಗೆ ‘ಯು’ ಎಂಬ ಒಂದೇ ಅಕ್ಷರ ಬರೆದ ಬಟ್ಟೆಯ ಪರದೆ. ಬಿಸಿನೀರು ಎಂಬುದು ಅದರ ಅರ್ಥ. ಗಂಡಸರಿಗೊಂದು ಬಾಗಿಲು, ಹೆಂಗಸರಿಗೊಂದು ಬಾಗಿಲು. ಪಾದರಕ್ಷೆಯ ಗೂಡಿಗೆ ಮರದ ಹಲಗೆಯೇ ಬೀಗದಕೈ. ಹಳೆಯ ಕಟ್ಟಡಗಳಲ್ಲಿ ಎರಡು ಭಾಗಗಳ ನಡುವೆ ಎತ್ತರದ ಪೀಠವೊಂದಿದ್ದು, ಹಣ ತೆಗೆದುಕೊಳ್ಳುವವರು ಅದರ ಮೇಲೆ ಕುಳಿತು ಎರಡು ಕಡೆಯನ್ನೂ ನೋಡಿಕೊಳ್ಳುತ್ತಾರೆ. ಹೊಸ ಕಟ್ಟಡಗಳಲ್ಲಿ ಆ ಪೀಠ ಹೊರಕೋಣೆಯ ಮೇಜಾಗಿ ಇಳಿದಿದೆ. ಶುಲ್ಕದ ಮಿತಿಯನ್ನು ಮಾಲೀಕರು ತಾವೇ ಹಾಕುವಂತಿಲ್ಲ. 1946ರ ಬೆಲೆ ನಿಯಂತ್ರಣ ಶಾಸನದ ಪ್ರಕಾರ ಆಯಾ ಪ್ರಾಂತದ ಆಡಳಿತವೇ ನಿಗದಿಮಾಡುತ್ತದೆ. ಟೋಕಿಯೋದಲ್ಲಿ 2024ರ ಆಗಸ್ಟ್‌ನಲ್ಲಿ ವಯಸ್ಕರ ಶುಲ್ಕ 550 ಯೆನ್ ಆಯಿತು. ಅಕ್ಕಿಯಂತೆ, ಬಿಸಿನೀರೂ ಬಡವನಿಗೆ ಎಟುಕಬೇಕೆಂಬ ಯುದ್ಧಾನಂತರದ ದಿನಗಳ ಯೋಚನೆ ಇಂದಿಗೂ ಅಲ್ಲಿ ಉಳಿದುಬಂದಿದೆ.

ಬಟ್ಟೆ ಕಳಚುವ ಕೋಣೆಯಲ್ಲಿ ಅತಿಥಿಯ ಎದೆ ಡವಗುಟ್ಟುತ್ತದೆ. ಅಂಗವಸ್ತ್ರಕ್ಕೂ ಅಲ್ಲಿ ಅವಕಾಶವಿಲ್ಲ. ಕೈಯಲ್ಲಿರುವ ಆ ಗೇಣಗಲದ ಟವೆಲೇ ಸರ್ವಸ್ವ. ಎಲ್ಲರ ಕಣ್ಣೂ ತನ್ನ ಮೇಲೆಯೇ ಇರುವುದೆಂದು ಅವನು ಭಾವಿಸುತ್ತಾನೆ. ಒಂದು ನಿಮಿಷ ಕಳೆದ ಮೇಲೆ ತಿಳಿಯುತ್ತದೆ, ಯಾರೂ ನೋಡುತ್ತಿಲ್ಲ. ನಿನ್ನೆ ರಾತ್ರಿ ಕಾಗದದ ಗೋಡೆಯ ಆಚೆ ಯಾರೂ ‘ಕೇಳದೆ’ ಇದ್ದರಲ್ಲ, ಅದೇ ವಿದ್ಯೆ ಇಲ್ಲಿ ಕಣ್ಣಿಗೆ ಬಂದಿದೆ. ಇಪ್ಪತ್ತು ಮಂದಿ ಬೆತ್ತಲೆಯಾಗಿರುವ ಕೋಣೆಯಲ್ಲಿ ಬಟ್ಟೆಯ ಕೆಲಸವನ್ನು ನೋಟದ ಸಂಯಮ ಮಾಡುತ್ತದೆ.

ಕನ್ನಡನಾಡಿನಿಂದ ಹೋದವನಾದರೆ ಇನ್ನೂ ಒಂದು ಸಂಕಟವುಂಟು. ಹಂಡೆಯಲ್ಲಿ ಕಾದ ನೀರನ್ನು ಮೊಗೆದು ಮೈಮೇಲೆ ಸುರಿದುಕೊಳ್ಳುವುದೇ ಅವನು ಬಲ್ಲ ಸ್ನಾನ. ಮೈಸೋಕಿದ ನೀರು ಬಚ್ಚಲ ಕಂಡಿಯಲ್ಲಿ ಹರಿದುಹೋಗಬೇಕೇ ಹೊರತು ಇನ್ನೊಬ್ಬರಿಗೆ ತಾಕಬಾರದು. ಇಪ್ಪತ್ತು ಜನ ಮುಳುಗಿದ ತೊಟ್ಟಿಗೆ ಇಪ್ಪತ್ತೊಂದನೆಯವನಾಗಿ ಇಳಿಯುವುದೆಂದರೆ ಮನಸ್ಸು ಹಿಂಜರಿಯುತ್ತದೆ. ಆದರೆ ಜಪಾನೀಯರ ಲೆಕ್ಕವೂ ಬಹುಮಟ್ಟಿಗೆ ಇದೇ. ಕೊಳೆ ತೊಳೆಯುವುದು ತೊಟ್ಟಿಯ ಹೊರಗೆ, ತಗ್ಗಿನ ಮಣೆಯ ಮೇಲೆ ಕುಳಿತು, ನಲ್ಲಿಯ ಮುಂದೆ. ಸಾಬೂನಿನ ಒಂದು ಗುಳ್ಳೆಯೂ ಉಳಿಯದಂತೆ ಮೈ ತೊಳೆದುಕೊಂಡ ಮೇಲೆಯೇ ತೊಟ್ಟಿಗೆ ಇಳಿಯುವುದು. ಕೂದಲು ನೀರಿಗೆ ಬೀಳದಂತೆ ಕಟ್ಟಿಕೊಳ್ಳಬೇಕು. ಟವೆಲನ್ನು ನೀರಿಗೆ ಅದ್ದದೆ ಮಡಿಸಿ ತಲೆಯ ಮೇಲಿಟ್ಟುಕೊಳ್ಳಬೇಕು. ಅಂದರೆ ತೊಟ್ಟಿಯ ನೀರು ಮೈ ತೊಳೆಯುವ ನೀರಲ್ಲ, ತೊಳೆದ ಮೈಯನ್ನು ಒಪ್ಪಿಸುವ ನೀರು. ಮನೆಯಲ್ಲಿಯೇ ತೊಟ್ಟಿಯಿದ್ದರೂ ನಿಯಮ ಇದೇ; ಒಂದೇ ನೀರಿನಲ್ಲಿ ಮನೆಮಂದಿಯೆಲ್ಲ ಒಬ್ಬರಾದ ಮೇಲೊಬ್ಬರು ಕೂರುತ್ತಾರೆ, ಮೊದಲ ಸರದಿಯನ್ನು ಅತಿಥಿಗೆ ಕೊಡುತ್ತಾರೆ. ಅಂಥ ಮನೆಯಲ್ಲಿ ಸ್ನಾನ ಮುಗಿಸಿ, ಶುಚಿಯ ಉತ್ಸಾಹದಿಂದ ತೊಟ್ಟಿಯ ಬಿರಟೆ ಕಿತ್ತುಬಿಟ್ಟ ಪರದೇಶಿಯ ಕಥೆಯನ್ನು ಹೇಳಿ ಅಲ್ಲಿಯವರು ಈಗಲೂ ನಗುತ್ತಾರೆ.

ನೀರಿನ ಕಾವು ಸಾಮಾನ್ಯವಾಗಿ 42 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸು. ಮೊದಲು ಕಾಲು ಸುಟ್ಟಂತಾಗುತ್ತದೆ. ಅಲ್ಲಾಡಿದಷ್ಟೂ ಬಿಸಿ ಹೆಚ್ಚು ತಾಕುತ್ತದೆಂಬುದನ್ನು ಕಲಿತು ಸುಮ್ಮನೆ ಕುಳಿತರೆ, ಬೆನ್ನುಹುರಿಯಿಂದ ಚಳಿ ಒಂದೊಂದೇ ಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಟೋಕಿಯೋದ ಅನೇಕ ಸ್ನಾನಗೃಹಗಳಲ್ಲಿ ಎದುರು ಗೋಡೆಯ ಮೇಲೆ ದೊಡ್ಡದಾಗಿ ಫೂಜಿ ಪರ್ವತದ ಚಿತ್ರ. 1912ರಲ್ಲಿ ಕಾಂದಾ ಪ್ರದೇಶದ ಸ್ನಾನಗೃಹವೊಂದರಲ್ಲಿ ಇದು ಮೊದಲಾಯಿತು. ಕ್ಯೋತೋದ ಕಡೆ ಬಣ್ಣದ ಹೆಂಚುಗಳ ಅಲಂಕಾರ ಹೆಚ್ಚು. ಅಲ್ಲಿಯ ಫುನಾಓಕಾ ಸ್ನಾನಗೃಹ 1923ರದು. ಅದರ ಹೆಂಚುಗಳನ್ನೂ ಮರದ ಕೆತ್ತನೆಯನ್ನೂ ನೋಡುವುದಕ್ಕೆಂದೇ ಜನ ಬರುತ್ತಾರೆ. ಪ್ರಾಂತಭೇದ ಬೋಗುಣಿಯಲ್ಲಿಯೂ ಇದೆ. ಪಶ್ಚಿಮದವರು ತೊಟ್ಟಿಯಿಂದಲೇ ನೀರು ಮೊಗೆದು ಮೈಗೆ ಸುರಿದುಕೊಂಡು ಇಳಿಯುವವರಾದ್ದರಿಂದ, ಜಪಾನಿನಾದ್ಯಂತ ಕಾಣುವ ಹಳದಿ ಬೋಗುಣಿಯನ್ನು ಅವರಿಗಾಗಿ ಸ್ವಲ್ಪ ಚಿಕ್ಕದಾಗಿ ಮಾಡುತ್ತಾರೆ. ಚಳಿಗಾಲದ ಅತಿ ಚಿಕ್ಕ ಹಗಲಿನಂದು ನೀರಿನಲ್ಲಿ ‘ಯುಜು’ ಎಂಬ ಘಮಘಮಿಸುವ ನಿಂಬೆಹಣ್ಣುಗಳು ತೇಲುತ್ತವೆ. ಮೇ 5ರಂದು ಬಜೆಯ ಜಾತಿಯ ನೀಳವಾದ ಎಲೆಗಳು.

ಈ ಒಟ್ಟು ಸ್ನಾನದ ಮೂಲ ಬೌದ್ಧ ವಿಹಾರಗಳ ಕಡೆಗೆ ಹೋಗುತ್ತದೆ; ಅಲ್ಲಿ ಭಾರತದ ಹೆಸರೂ ಬರುತ್ತದೆ. ರಾಜಗೃಹದ ವೈದ್ಯ ಜೀವಕನು ಬುದ್ಧನನ್ನೂ ಭಿಕ್ಷುಸಂಘವನ್ನೂ ಸ್ನಾನಕ್ಕೆ ಆಹ್ವಾನಿಸಿದ ಪ್ರಸಂಗವನ್ನು ಹೇಳುವ ಸೂತ್ರವೊಂದು ಚೀನೀ ಭಾಷೆಯ ಮೂಲಕ ಜಪಾನಿಗೆ ತಲುಪಿತು. ಸ್ನಾನಕ್ಕೆ ಬೇಕಾದ ಏಳು ವಸ್ತುಗಳನ್ನೂ, ಸ್ನಾನದಾನದಿಂದ ದೊರೆಯುವ ಏಳು ಪುಣ್ಯಗಳನ್ನೂ ಅದು ಎಣಿಸುತ್ತದೆ. ವಿಹಾರಗಳು ಬಡವರಿಗೂ ರೋಗಿಗಳಿಗೂ ಸ್ನಾನಗೃಹವನ್ನು ತೆರೆದುದಕ್ಕೆ ಇದು ಆಧಾರವಾಯಿತು. 8ನೆಯ ಶತಮಾನದ ಸಾಮ್ರಾಜ್ಞಿ ಕೋಮ್ಯೋ ಸಾವಿರ ಮಂದಿಯ ಮೈಯನ್ನು ತನ್ನ ಕೈಯಿಂದಲೇ ತೊಳೆಯುವ ವ್ರತ ತೊಟ್ಟಳೆಂದೂ, ಸಾವಿರದವನಾಗಿ ಬಂದ ಕುಷ್ಠರೋಗಿ ಅಕ್ಷೋಭ್ಯ ಬುದ್ಧನಾಗಿ ಬೆಳಗಿದನೆಂದೂ ಐತಿಹ್ಯವಿದೆ. ಪುಣ್ಯದ ನೀರು ಕಾಲಕ್ರಮದಲ್ಲಿ ಕಾಸಿನ ನೀರಾಯಿತು. ಇಂದಿನ ಟೋಕಿಯೋ ಆಗಿರುವ ಎದೋ ಊರಿನಲ್ಲಿ 1591ರಲ್ಲಿ ಹಣ ಪಡೆಯುವ ಸ್ನಾನಗೃಹ ಪ್ರಾರಂಭವಾಯಿತು. ಗಂಡಸರೂ ಹೆಂಗಸರೂ ಒಟ್ಟಿಗೆ ಮೀಯುವುದನ್ನು 1791ರಲ್ಲಿ ಸರಕಾರ ನಿಷೇಧಿಸಿತು. ಶಿಕಿತೆಯಿ ಸನ್ಬಾ ಎಂಬ ಹಾಸ್ಯಗಾರ ಸ್ನಾನಗೃಹದ ಹರಟೆಯನ್ನೇ ವಸ್ತುವಾಗಿಸಿಕೊಂಡು 1809ರಿಂದ ಕೆಲವು ವರ್ಷ ‘ಉಕಿಯೋಬುರೋ’ ಎಂಬ ಪುಸ್ತಕವನ್ನು ಭಾಗಭಾಗವಾಗಿ ಹೊರತಂದ. ಖಡ್ಗವನ್ನೂ ಪದವಿಯನ್ನೂ ಬಟ್ಟೆಯೊಡನೆ ಕಳಚಿಟ್ಟು ಬಂದ ಮೇಲೆ ಮನುಷ್ಯರಲ್ಲಿ ಉಳಿಯುವುದು ನಾಲಿಗೆಯೊಂದೇ ತಾನೆ!

ಸ್ನಾನಗೃಹದಲ್ಲಿ ಸಂಜೆಯ ಮೊದಲ ಗಿರಾಕಿಗಳು ಸಾಮಾನ್ಯವಾಗಿ ವೃದ್ಧರು. ಅವರಲ್ಲಿ ಒಂಟಿಯಾಗಿ ಬಾಳುವವರು ಅನೇಕರು. ಬೆಳಗಿನಿಂದ ಯಾರೊಡನೆಯೂ ಮಾತಾಡದ ಮುದುಕರು ಇಲ್ಲಿ ಪಕ್ಕದವರ ಮೊಣಕಾಲು ನೋವನ್ನು ವಿಚಾರಿಸುತ್ತಾರೆ, ಮಳೆ ಬರುವುದೋ ಇಲ್ಲವೋ ಎಂದು ವಾದ ಮಾಡುತ್ತಾರೆ. ಹೊಸ ಅತಿಥಿ ನಲ್ಲಿಯ ಮುಂದೆ ದಿಕ್ಕುತೋಚದೆ ನಿಂತಿದ್ದರೆ, ಮಾತಿಲ್ಲದೆ ಒಂದು ಮಣೆಯನ್ನೂ ಬೋಗುಣಿಯನ್ನೂ ಅವನ ಕಡೆಗೆ ತಳ್ಳುತ್ತಾರೆ. ಎರಡು ದಿನ ಬಾರದಿದ್ದವರ ವಿಷಯವನ್ನು ಪೀಠದ ಮೇಲಿನ ಯಜಮಾನಿತಿ ತಾವಾಗಿಯೇ ಕೇಳುತ್ತಾರೆ. ಯಾರ ಬೆನ್ನಿನ ಮೇಲೆ ಶಸ್ತ್ರಚಿಕಿತ್ಸೆಯ ಹೊಸ ಗಾಯವಿದೆ, ಯಾರು ಇತ್ತೀಚೆಗೆ ಸೊರಗಿದ್ದಾರೆ, ಯಾರು ಕೈಹಿಡಿ ಇಲ್ಲದೆ ತೊಟ್ಟಿಯಿಂದ ಏಳಲಾರರು, ಇದೆಲ್ಲ ಬೀದಿಗೆ ತಿಳಿದಿರುತ್ತದೆ. ನೋಡದಿರುವ ವಿದ್ಯೆಯ ಜೊತೆಗೆ ಗಮನಿಸುವ ವಿದ್ಯೆಯೂ ಅಲ್ಲಿದೆ. ಈ ಎರಡೂ ಒಂದೇ ಕಣ್ಣಿನಲ್ಲಿ ಹೇಗೆ ಸೇರಿರುತ್ತವೆ ಎಂಬುದು ಅತಿಥಿಗೆ ಮೂರನೆಯ ದಿನದ ಹೊತ್ತಿಗೆ ಅರ್ಥವಾಗತೊಡಗುತ್ತದೆ.

ಆದರೆ ಒಲೆಗಳು ಒಂದೊಂದಾಗಿ ಆರುತ್ತಿವೆ. 1968ರಲ್ಲಿ ಜಪಾನಿನಲ್ಲಿ ಸುಮಾರು 18,000 ಸೆಂತೋಗಳಿದ್ದುವು. 2020ರ ದಶಕದಲ್ಲಿ ಆ ಸಂಖ್ಯೆ 2,000ಕ್ಕಿಂತ ಕೆಳಗಿಳಿಯಿತು. ಕಾರಣದಲ್ಲಿ ಗೂಢವೇನೂ ಇಲ್ಲ. 1963ರಲ್ಲಿ ನೂರಕ್ಕೆ ಸುಮಾರು 60 ಮನೆಗಳಲ್ಲಿ ಸ್ನಾನದ ಕೋಣೆಯಿತ್ತು; 2008ರ ಹೊತ್ತಿಗೆ ನೂರಕ್ಕೆ 95 ದಾಟಿತು. ಮನೆಯಲ್ಲಿಯೇ ಬಿಸಿನೀರು ಬಂದ ಮೇಲೆ ಚಳಿಯಲ್ಲಿ ಬೀದಿಗೆ ಹೋಗುವವರಾರು? ಇಂಧನದ ಬೆಲೆ ಏರಿತು, ಯಜಮಾನರಿಗೆ ವಯಸ್ಸಾಯಿತು, ಮಕ್ಕಳು ಬೇರೆ ಉದ್ಯೋಗ ಹಿಡಿದರು. ಮಾಚಿಯಾಗಳ ಕಥೆಯೂ ಇದಕ್ಕೆ ಸಮೀಪವೇ. ಕ್ಯೋತೋ ನಗರದ ಸಮೀಕ್ಷೆಗಳಂತೆ 2009ರ ಸುಮಾರಿಗೆ 47,000ಕ್ಕೂ ಮಿಕ್ಕು ಇದ್ದವು, 2016ರಲ್ಲಿ 40,000ದ ಆಸುಪಾಸಿಗೆ ಬಂದಿದ್ದವು. 1995ರ ಜನವರಿ 17ರಂದು ಕೋಬೆಯ ಭೂಕಂಪದಲ್ಲಿ ಭಾರವಾದ ಹೆಂಚಿನ ಹಳೆಯ ಮರದ ಮನೆಗಳು ಕುಸಿದು ಸಾವಿರಾರು ಜನ ಸತ್ತುದನ್ನು ಕಂಡವರಿಗೆ, ಹಳೆಯ ಮನೆಯನ್ನು ಬಿಡಬೇಡಿರೆಂದು ಉಪದೇಶಿಸುವ ಅಧಿಕಾರ ನಾಲ್ಕು ದಿನದ ಅತಿಥಿಗೆ ಇಲ್ಲ. ತಣ್ಣನೆಯ ಕೋಣೆಯಿಂದ ಕುದಿಯುವಂಥ ನೀರಿಗೆ ಇಳಿಯುವುದು ವೃದ್ಧರ ಹೃದಯಕ್ಕೆ ಅಪಾಯವೆಂಬುದೂ ನಿಜ. ಬೆಚ್ಚನೆಯ ಗೋಡೆಯನ್ನೂ ಸ್ವಂತ ತೊಟ್ಟಿಯನ್ನೂ ಬಯಸುವುದು ತಪ್ಪಲ್ಲ.

ಟೋಕಿಯೋದ ಹೊರವಲಯದ ಕೊಗಾನೆಯಿಯಲ್ಲಿ ಹಳೆಯ ಕಟ್ಟಡಗಳ ಬಯಲು ಸಂಗ್ರಹಾಲಯವೊಂದಿದೆ. 1929ರ ‘ಕೊದಾಕರಾ–ಯು’ ಎಂಬ ಸ್ನಾನಗೃಹವನ್ನು ಅಲ್ಲಿಗೆ ತಂದು ನಿಲ್ಲಿಸಿದ್ದಾರೆ. ದೇವಾಲಯದಂಥ ಮುಂಭಾಗ, ಎತ್ತರದ ಪೀಠ, ಫೂಜಿ ಪರ್ವತ, ಎಲ್ಲವೂ ಇವೆ. ತೊಟ್ಟಿಯಲ್ಲಿ ನೀರಿಲ್ಲ. ನೋಡಬಂದವರು ಬಟ್ಟೆ ತೊಟ್ಟುಕೊಂಡೇ ಒಳಗೆ ಹೋಗಿ, ಕತ್ತೆತ್ತಿ ಸುತ್ತಲೂ ನೋಡಿ ಬರುತ್ತಾರೆ. ಮರವನ್ನೂ ಹೆಂಚನ್ನೂ ಹೀಗೆ ಉಳಿಸಬಹುದು. ಪಕ್ಕದವನ ಕಡೆಗೆ ಬೋಗುಣಿ ತಳ್ಳುವ ಕೈಯನ್ನು ಸಂಗ್ರಹಾಲಯದಲ್ಲಿಡುವ ಉಪಾಯ ಇನ್ನೂ ಯಾರಿಗೂ ಹೊಳೆದಿಲ್ಲ.

ಆದರೂ ಆ ಕೈ ಪೂರ್ತಿಯಾಗಿ ಮರೆತುಹೋಗಿಲ್ಲ. 2024ರ ಜನವರಿ 1ರಂದು ನೋತೋ ಪರ್ಯಾಯದ್ವೀಪದಲ್ಲಿ ಭೂಮಿ ನಡುಗಿ ಮನೆಗಳು ಉರುಳಿದುವು, ನಲ್ಲಿಗಳು ನಿಂತುಹೋದುವು. ಸುಜು ಪಟ್ಟಣದ ಸ್ನಾನಗೃಹವೊಂದು ನೆಲದೊಳಗಿನ ನೀರನ್ನು ಮೇಲೆತ್ತಿ, ಸೌದೆಯ ಉರಿಯಿಂದ ಕಾಯಿಸಿ, ಅದೇ ತಿಂಗಳಿನಲ್ಲಿ ಬಾಗಿಲು ತೆರೆಯಿತು. ವಾರಗಟ್ಟಲೆ ಮೈತೊಳೆಯದಿದ್ದ ಜನ ಸಾಲುಗಟ್ಟಿದರು. ಮನೆ ಉಳಿದವರೂ ಮನೆ ಕಳೆದುಕೊಂಡವರೂ ಮೊದಲು ತಗ್ಗಿನ ಮಣೆಯ ಮೇಲೆ ಕುಳಿತು ಮೈಯನ್ನು ಚೆನ್ನಾಗಿ ತೊಳೆದುಕೊಳ್ಳಬೇಕು, ಆಮೇಲೆ ತೊಟ್ಟಿಗೆ ಇಳಿಯಬೇಕು. ತಮ್ಮ ಹಿಂದೆ ಇನ್ನೂ ಬರುವವರಿದ್ದಾರೆ ಎಂಬ ನೆನಪೇ ಆ ನಿಯಮದ ತಿರುಳು.